ಪಾದ್ರಿಯಮ್ಮ ಇಟ್ಟ ಕಾವಲು

ಒಣಗಿದ ತಾಳೆಗರಿ ಸುಟ್ಟ ವಾಸನೆ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಇವತ್ತು ಮಧ್ಯಾಹ್ನ ಚರ್ಚಿನ ಹಿಂದುಗಡೆ, ಹಳೆಯ ಬಾಣಲೆಯೊಂದರಲ್ಲಿ ಕಳೆದ ವರ್ಷದ ಗರಿಗಳನ್ನು ಸುಟ್ಟು ಬಂದೆ. ಗರಿಗಳ ಭಾನುವಾರ ಜನ ಮನೆಗೆ ಒಯ್ದು, ಗೋಡೆಯ ಶಿಲುಬೆಯ ಹಿಂದೆಯೋ ಫ್ರಿಜ್ಜಿನ ಮೇಲೆಯೋ ಸಿಕ್ಕಿಸಿ ಮರೆತುಬಿಟ್ಟ ಗರಿಗಳು. ಮರುವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಲೆಂಟ್ ಕಾಲ ಶುರುವಾಗುವ ಮುನ್ನ ಅವು ಚರ್ಚಿಗೆ ವಾಪಸು ಬರುತ್ತವೆ. ಸುಟ್ಟು ಜರಡಿ ಹಿಡಿದರೆ ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ ಸಿದ್ಧ. ತಲೆಗೆ ಸ್ನಾನ ಮಾಡಿದರೂ ಕೂದಲಲ್ಲಿ ಹೊಗೆ ಉಳಿದುಕೊಂಡಿದೆ. ಈ ಕೆಲಸ ಕಲಿಸಿದವರು ಪಾದ್ರಿಯಮ್ಮ. ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು...

ಅವರನ್ನು ಹಾಗೆ ಕರೆಯುತ್ತಿದ್ದವಳು ನಾನೊಬ್ಬಳೇ. ನಾನು ಉಡುಪಿಯವಳು, ನಮ್ಮದು ಹಳೆಯ ಮಿಷನ್ ಸಭೆ. ನಮ್ಮಲ್ಲಿ ಸಭೆ ನಡೆಸುವ ಪಾದ್ರಿ ಎಂದರೆ ಅಯ್ಯನವರು, ಅವರ ಹೆಂಡತಿ ಅಮ್ಮನವರು. ಮದುವೆಯಾಗಿ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ಗೆ ಬಂದಾಗ ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದು ಹೋಗುವಷ್ಟು ಹತ್ತಿರ ಇದ್ದದ್ದು ಒಂದು ಎಪಿಸ್ಕೋಪಲ್ ಚರ್ಚು. ಮೊದಲ ಭಾನುವಾರ ಒಳಗೆ ಕಾಲಿಟ್ಟರೆ, ಬಿಳಿ ನಿಲುವಂಗಿ ತೊಟ್ಟು ಬಲಿಪೀಠದ ಮುಂದೆ ನಿಂತಿದ್ದವರು ಅರವತ್ತು ಸಮೀಪಿಸಿದ, ಗಂಡಸಿನಷ್ಟು ಎತ್ತರದ ಒಬ್ಬ ಹೆಂಗಸು. ಆ ಸಂಜೆ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಬಂದದ್ದು ಒಂದೇ ಸಂಶಯ.

"ಹೆಂಗ್ಸು ಅಯ್ಯನವ್ರಾ? ಹಾಗಾದ್ರೆ ಅಮ್ಮನವ್ರು ಯಾರು ಮಾರಾಯ್ತಿ?"

ಅಮ್ಮನವರು ಯಾರೂ ಇರಲಿಲ್ಲ. ಅವರು ಮದುವೆಯಾದವರಲ್ಲ. ಅಯ್ಯನವರು ಎನ್ನಲು ನಾಲಗೆ ಹೊರಳದೆ ನಾನು ಪಾದ್ರಿಯಮ್ಮ ಎಂದು ಹೆಸರಿಟ್ಟೆ. ಅರ್ಥ ಕೇಳಿ ತಿಳಿದುಕೊಂಡ ಮೇಲೆ ಅವರಿಗೂ ಅದು ಇಷ್ಟವಾಯಿತು. ಅವರ ಮಾತೆಲ್ಲ ಇಂಗ್ಲಿಷಿನದೇ ಆದರೂ ನನ್ನ ನೆನಪಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ. ಹೇಗೋ ಏನೋ.

ಅದು ಡಾಟ್‌ಕಾಮ್ ಕಾಲ. ನನ್ನ ಗಂಡ ಬೆಂಗಳೂರಿನವನು, ಒಂದು ಸ್ಟಾರ್ಟಪ್ಪಿನಲ್ಲಿ ಕೆಲಸ. ನನಗೆ ವೀಸಾ ಪ್ರಕಾರ ಕೆಲಸ ಮಾಡುವ ಹಾಗಿರಲಿಲ್ಲ. ಆರಾಧನೆ ಮುಗಿದು ಕಾಫಿ ಕುಡಿಯುವಾಗಲೂ ಜನ ಷೇರಿನ ಮಾತೇ ಆಡುತ್ತಿದ್ದರು. ನಿನ್ನೆ ಮೊನ್ನೆ ಕಾಲೇಜು ಮುಗಿಸಿದ ಹುಡುಗರು ಮನೆ ಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ಬಾಡಿಗೆ ಏರಿ ಏರಿ, ಇಪ್ಪತ್ತು ವರ್ಷ ಇದ್ದ ಮನೆ ಬಿಟ್ಟು ಜನ ಕಾರಿನಲ್ಲೇ ಮಲಗುವ ಸ್ಥಿತಿಗೆ ಬರುತ್ತಿದ್ದರು. ನಾನು ಮಾತ್ರ ಮಾಡಲು ಕೆಲಸವಿಲ್ಲದೆ ಗೋಡೆ ನೋಡುತ್ತ ಕೂತಿದ್ದೆ. ಪಾದ್ರಿಯಮ್ಮ ಅದನ್ನು ಹೇಗೆ ಕಂಡುಹಿಡಿದರೋ, ಮೂರನೆಯ ವಾರವೇ ನನ್ನ ಕೈಗೆ ಹಿತ್ತಾಳೆ ಉಜ್ಜುವ ಬಟ್ಟೆ ಕೊಟ್ಟರು. ಅಲ್ಲಿಂದ ಬಲಿಪೀಠದ ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು, ಕಾಲಕ್ಕೆ ತಕ್ಕಂತೆ ನೇರಳೆ, ಬಿಳಿ, ಹಸಿರು ವಸ್ತ್ರ ಬದಲಿಸುವುದು ನನ್ನ ಪಾಲಿಗೆ ಬಂತು. ನಮ್ಮ ಉಡುಪಿಯ ಸಭೆಯಲ್ಲಿ ಬೂದಿಯೂ ಇರಲಿಲ್ಲ, ಇಷ್ಟೊಂದು ಬಣ್ಣವೂ ಇರಲಿಲ್ಲ. ಎಲ್ಲ ಹೊಸತಾಗಿ ಕಲಿತೆ.

ಅವರೇನು ಸಿಹಿ ಸ್ವಭಾವದವರಲ್ಲ. ಸಿಡುಕು. ಬೆಳಗಿನ ಕಾಫಿ ಕುಡಿಯುವ ಮುನ್ನ ಮಾತಾಡಿಸಿದರೆ ಗುರ್ ಎನ್ನುತ್ತಿದ್ದರು. ಹಾಡಿದರೆ ಶ್ರುತಿಗೂ ಅವರಿಗೂ ಸಂಬಂಧವೇ ಇಲ್ಲ. ಕೀರ್ತನೆ ಶುರುವಾದ ಕೂಡಲೇ ಆರ್ಗನ್ ನುಡಿಸುವವರು ಜೋರಾಗಿ ಒತ್ತಿ ಅವರ ದನಿಯನ್ನು ಮುಚ್ಚುತ್ತಿದ್ದರು. ಆದರೆ ಚರ್ಚಿನ ವರ್ಷವನ್ನು ಅವರು ನಡೆಸುತ್ತಿದ್ದ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಳಗೆ ಏನು ಹಬ್ಬವೋ ಹೊರಗೂ ಅದಕ್ಕೊಂದು ಕೆಲಸ ಇರಲೇಬೇಕು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರ ನೇರಳೆ ವಸ್ತ್ರ ಹೊರಗೆ ತೆಗೆಯುವಾಗ ಅದೇ ಬೀರುವಿನಿಂದ ಕಂಬಳಿಗಳನ್ನೂ ತೆಗೆಯಬೇಕು. ಚಳಿಗಾಲದಲ್ಲಿ ವಾರಕ್ಕೊಂದು ದಿನ ಚರ್ಚಿನ ಹಾಲ್‌ನಲ್ಲಿ ಬಿಸಿ ಊಟ. ನವೆಂಬರಿನಲ್ಲಿ ಸತ್ತವರ ಹೆಸರು ಓದುವಾಗ, ಆ ವರ್ಷ ರಸ್ತೆಬದಿಯಲ್ಲಿ ಸತ್ತವರ ಹೆಸರನ್ನೂ ನಮ್ಮ ಅಜ್ಜ ಅಜ್ಜಿಯರ ಹೆಸರಿನ ಜೊತೆಯಲ್ಲೇ ಓದುತ್ತಿದ್ದರು. ಜನವರಿಯಲ್ಲಿ ಮೂಡಣ ದೇಶದ ಜೋಯಿಸರು ಬಾಲಯೇಸುವನ್ನು ಕಾಣಲು ಬಂದ ಹಬ್ಬ. ಆ ದಿನ ಮನೆಮನೆಗೆ ಹೋಗಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆಶೀರ್ವಾದದ ಅಕ್ಷರ ಬರೆಯುವುದು ಪದ್ಧತಿ. ಪಾದ್ರಿಯಮ್ಮ ಎಲ್ಲರ ಮನೆ ಮುಗಿಸಿ, ಚರ್ಚಿನ ಪಾರ್ಕಿಂಗ್ ಲಾಟಿಗೆ ಬಂದು, ಅಲ್ಲಿ ಮಲಗುತ್ತಿದ್ದವರ ಕಾರಿನ ಬಂಪರಿನ ಮೇಲೂ ಬರೆದರು.

"ಮನೆ ಅಂದ್ರೆ ಮನೆ," ಎಂದರು. "ಚಕ್ರ ಇದ್ರೆ ಏನಾಯ್ತು?"

ಆ ಲಾಟಿನಲ್ಲಿ ಆ ಚಳಿಗಾಲ ನಾಲ್ಕೈದು ಕಾರು ನಿಲ್ಲುತ್ತಿದ್ದವು. ಅವುಗಳಲ್ಲಿ ಒಂದು ಹಳೆಯ ನೀಲಿ ವ್ಯಾನು, ಸ್ಕೂಲ್ ಬಸ್ ಓಡಿಸುತ್ತಿದ್ದ ಒಬ್ಬ ಅಜ್ಜಿಯದು. ಕೆಲಸ ಇತ್ತು, ಸಂಬಳ ಇತ್ತು, ಆ ಸಂಬಳಕ್ಕೆ ಸಿಗುವ ಮನೆ ಮಾತ್ರ ಇರಲಿಲ್ಲ. ಜೊತೆಗೆ ಒಂಬತ್ತು ವರ್ಷದ ಮೊಮ್ಮಗಳು. ಒಂದೇ ವರ್ಷದಲ್ಲಿ ಅದು ಆ ಹುಡುಗಿಗೆ ಮೂರನೆಯ ಸ್ಕೂಲು. ಈ ಬಾರಿ ಅವಳಿಗೊಬ್ಬ ಗೆಳತಿ ಸಿಕ್ಕಿದ್ದಳು, ಟೀಚರಿಗೂ ಅವಳ ಮೇಲೆ ಅಕ್ಕರೆ. ಜೂನಿನಲ್ಲಿ ಸ್ಕೂಲು ಮುಗಿಯುವ ತನಕ ನೀನು ಇಲ್ಲಿಂದ ಕದಲಬೇಕಾಗಿಲ್ಲ ಎಂದು ಪಾದ್ರಿಯಮ್ಮ ಆ ಹುಡುಗಿಗೆ ಮಾತು ಕೊಟ್ಟುಬಿಟ್ಟಿದ್ದರು. ಮಕ್ಕಳಿಗೆ ಕೊಟ್ಟ ಮಾತಿನ ವಿಷಯದಲ್ಲಿ ಅವರು ಭಾರೀ ಹಟದವರು.

ಬೂದಿ ಬುಧವಾರಕ್ಕೆ ಮುಂಚಿನ ವಾರ ಸಭೆಯ ಆಡಳಿತ ಸಮಿತಿ ಸೇರಿತು. ಅಕ್ಕಪಕ್ಕದ ಮನೆಯವರು ದೂರು ಕೊಟ್ಟಿದ್ದರು. ಸಮಿತಿಯ ಮುಖ್ಯಸ್ಥರು, ಎಲ್ಲರೂ ವಾರ್ಡನ್ ಎಂದು ಕರೆಯುತ್ತಿದ್ದ ಒಬ್ಬ ನಿವೃತ್ತ ಎಂಜಿನಿಯರ್, ಶಿಸ್ತಿನ ಮನುಷ್ಯ. ಅವರು ಕೇಳಿದ್ದು ತಪ್ಪೇನಲ್ಲ.

"ರಾತ್ರಿ ಹೊತ್ತು ಆ ಲಾಟಿನಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ನೋಡಿಕೊಳ್ಳೋರು ಯಾರು? ಯಾರೂ ಇಲ್ಲ ಅಂದಮೇಲೆ ಕಾರುಗಳು ಹೊರಡಬೇಕು."

ನಾನು ಮೂಲೆಯಲ್ಲಿ ಕಾಫಿ ಲೋಟ ಜೋಡಿಸುತ್ತಿದ್ದೆ. ಪಾದ್ರಿಯಮ್ಮ ಪವಿತ್ರ ಗುರುವಾರದ ಮಾತೆತ್ತಿದರು. ಈಸ್ಟರಿಗೆ ಮುಂಚಿನ ಆ ಗುರುವಾರ, ಯೇಸು ತೋಟದಲ್ಲಿ ಪ್ರಾರ್ಥನೆ ಮಾಡುತ್ತ ಶಿಷ್ಯರನ್ನು ಎಚ್ಚರವಾಗಿರಲು ಕೇಳಿಕೊಂಡ ರಾತ್ರಿಯ ನೆನಪಿಗೆ, ಸಭೆಯವರು ಸರದಿಯಂತೆ ಒಬ್ಬೊಬ್ಬರು ಒಂದೊಂದು ಗಂಟೆ ಚರ್ಚಿನಲ್ಲಿ ಎಚ್ಚರವಿರುತ್ತಾರೆ. ನಿದ್ದೆಗೆಟ್ಟು ಕೂರಲು ನಾ ಮುಂದು ತಾ ಮುಂದು ಎನ್ನುತ್ತಾರೆ.

"ಒಂದು ರಾತ್ರಿ ಆಗುತ್ತೆ ಅಂದ್ರೆ ಉಳಿದ ರಾತ್ರಿ ಯಾಕೆ ಆಗಬಾರದು?" ಎಂದರು. "ಬೂದಿ ಬುಧವಾರದಿಂದ ಸ್ಕೂಲು ಮುಗಿಯೋವರೆಗೂ ಸರದಿ ಹಾಕೋಣ. ಒಬ್ಬೊಬ್ಬರು ಒಂದು ಗಂಟೆ. ಹಾಲ್‌ನ ಕಿಟಕಿಯಿಂದ ಲಾಟು ಕಾಣುತ್ತಲ್ಲ."

ವಾರ್ಡನ್ ಅವರೇ ಮೊದಲು ಹೆಸರು ಕೊಟ್ಟರು. ನನಗೆ ಬೆಳಗಿನ ಕೊನೆಯ ಗಂಟೆ ಸಿಕ್ಕಿತು. ಮನೆಗೆ ಬಂದು ಹೇಳಿದರೆ ನನ್ನ ಗಂಡ ಹಣೆ ಚಚ್ಚಿಕೊಂಡ.

"ಅಲ್ವೇ, ನಮ್ಮ ಆಫೀಸಲ್ಲಿ ಸರ್ವರ್ ಕಾಯೋಕೇ ಜನ ಇಲ್ಲ, ನೀನು ಹೋಗಿ ಪಾರ್ಕಿಂಗ್ ಕಾಯ್ತೀಯಾ?"

ಬೈದುಕೊಂಡೇ ದಿನಾ ನನ್ನನ್ನು ಬಿಟ್ಟು ಬರುತ್ತಿದ್ದ. ನಾಲ್ಕನೆಯ ದಿನದಿಂದ ಅವನೂ ಜೊತೆಗೆ ಕೂರತೊಡಗಿದ.

ಅಂಥ ಲೆಂಟ್ ಕಾಲವನ್ನು ಆ ಚರ್ಚು ಹಿಂದೆಂದೂ ಕಂಡಿರಲಿಲ್ಲವಂತೆ. ಷೇರಿನ ಮಾತಾಡುತ್ತಿದ್ದ ಹುಡುಗರೂ ಕಾವಲಿಗೆ ಬಂದರು. ಒಬ್ಬರು ಥರ್ಮಾಸಿನಲ್ಲಿ ಚಹಾ ತಂದರೆ ಇನ್ನೊಬ್ಬರು ಲಾಟಿಗೆ ದೊಡ್ಡ ದೀಪ ಹಾಕಿಸಿಕೊಟ್ಟರು. ಕೆಲವರು ಕಿಟಕಿಯ ಹತ್ತಿರ ಮೊಣಕಾಲೂರಿ ಆ ಕಾರುಗಳತ್ತ ನೋಡುತ್ತಲೇ ಪ್ರಾರ್ಥನೆ ಮಾಡುತ್ತಿದ್ದರು. ಸರದಿ ಬದಲಾಗುವಾಗಲೆಲ್ಲ ಹೊಸದಾಗಿ ಬಂದವರು ಟಾರ್ಚ್ ಹಿಡಿದು ಒಂದು ಸುತ್ತು ಹಾಕಿ, ಎಲ್ಲ ಸರಿಯಿದೆ ಎಂದು ನೋಡಿಕೊಂಡು ಬರುತ್ತಿದ್ದರು. ನಾನೂ ಹಾಕುತ್ತಿದ್ದೆ. ಯಾರೋ ಬಾನೆಟ್ಟಿನ ಮೇಲೆ ಬಿಸ್ಕತ್ತಿನ ಪೊಟ್ಟಣ ಇಟ್ಟು ಹೋಗುತ್ತಿದ್ದರು. ನೆರೆಯವರ ದೂರು ನಿಂತುಹೋಯಿತು. ಪಾದ್ರಿಯಮ್ಮ ಖುಷಿಯಲ್ಲಿ ಮೊದಲಿಗಿಂತ ಜೋರಾಗಿ ಹಾಡುತ್ತಿದ್ದರು. ಒಂದೊಂದಾಗಿ ಉಳಿದ ಕಾರುಗಳು ಬೇರೆ ಕಡೆ ಹೋದವು. ಅವರಿಗೆಲ್ಲ ಎಲ್ಲೋ ಮನೆ ಸಿಕ್ಕಿರಬೇಕು ಎಂದುಕೊಂಡೆವು. ಕೊನೆಗೆ ಉಳಿದದ್ದು ಆ ನೀಲಿ ವ್ಯಾನು ಒಂದೇ.

ಪವಿತ್ರ ಗುರುವಾರದ ಆರಾಧನೆಗೆ ಬಸ್ಸಿನ ಅಜ್ಜಿಯೂ ಹುಡುಗಿಯೂ ಬಂದು ಕೊನೆಯ ಸಾಲಿನಲ್ಲಿ ಕೂತರು. ಪಾದ್ರಿಯಮ್ಮ ಸೊಂಟಕ್ಕೆ ಟವೆಲು ಸುತ್ತಿಕೊಂಡು, ನೋಯುವ ಮಂಡಿ ಊರಿ, ಬಂದವರ ಪಾದ ತೊಳೆದರು. ಅಜ್ಜಿ ಎದ್ದು ಬರಲಿಲ್ಲ. ಬಾ ಎಂದು ಪಾದ್ರಿಯಮ್ಮ ಎರಡು ಸಲ ಅತ್ತ ನೋಡಿದರು. ಅಜ್ಜಿ ತಲೆ ತಗ್ಗಿಸಿಯೇ ಇದ್ದರು. ಆಮೇಲೆ ನಾವು ಬಲಿಪೀಠದ ಮೇಲಿದ್ದ ಬಟ್ಟೆ, ದೀಪ, ಶಿಲುಬೆ ಎಲ್ಲವನ್ನೂ ಪದ್ಧತಿಯಂತೆ ತೆಗೆದು ಬೋಳು ಮಾಡಿದೆವು.

ಶುಭ ಶುಕ್ರವಾರ ಬೆಳಗಿನ ಜಾವ ನನ್ನ ಗಂಟೆಗೆ ಹೋದರೆ ಲಾಟು ಖಾಲಿ. ವ್ಯಾನು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ. ನನಗಿಂತ ಮುಂಚಿನ ಸರದಿಯವರು, ಕೆಲಸಕ್ಕೆ ಬೇಗ ಹೋದರೇನೋ ಎಂದರು. ಸ್ಕೂಲಿಗೆ ರಜೆ ಇದ್ದ ದಿನ ಬಸ್ಸಿನ ಕೆಲಸ ಎಲ್ಲಿಂದ ಬರಬೇಕು? ಒಳಗೆ ಹೋಗಿ ಪಾದ್ರಿಯಮ್ಮನಿಗೆ ಹೇಳಿದೆ. ಅವರು ಹೊರಗೆ ಬಂದು ಆ ಕಲೆಯ ಹತ್ತಿರ ನಿಂತರು. ಆ ದಿನ ಆರಾಧನೆಯಲ್ಲಿ ಉಪದೇಶ ಮಾಡಲಿಲ್ಲ, ವೇದಪಾಠ ಓದಿ ಕೂತುಬಿಟ್ಟರು.

ಮರುದಿನ ಶನಿವಾರ ಈಸ್ಟರಿಗೆ ಲಿಲ್ಲಿ ಹೂವು ಜೋಡಿಸಬೇಕಿತ್ತು. ಕೈಯಲ್ಲಿದ್ದ ಹೂವನ್ನು ಬಕೆಟ್ಟಿಗೆ ಹಾಕಿಸಿ, ನನ್ನನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಹುಡುಕಲು ಹೊರಟರು. ಒಂದೊಂದು ಗ್ರೋಸರಿ ಅಂಗಡಿಯ ಹಿಂದೆ, ಒಂದೊಂದು ಪಾರ್ಕಿನ ಪಕ್ಕ... ಊಟವೂ ಇಲ್ಲ. ಬೆರ್ರಿಯೆಸಾ ಕಡೆ ಒಂದು ದೊಡ್ಡ ಅಂಗಡಿಯ ಹಿಂಬದಿಯಲ್ಲಿ, ಕಸದ ಡಬ್ಬಿಗಳ ಪಕ್ಕ ವ್ಯಾನು ಕಂಡಿತು. ಅಜ್ಜಿ ಬಾಗಿಲು ತೆರೆದಿಟ್ಟು ಹುಡುಗಿಯ ತಲೆ ಬಾಚುತ್ತಿದ್ದರು. ನಮ್ಮನ್ನು ನೋಡಿ ಸಿಟ್ಟಾಗಲಿಲ್ಲ. ದಣಿದವರ ಮುಖದಲ್ಲಿ ಸಿಟ್ಟಿಗೆ ಜಾಗವಿರುವುದಿಲ್ಲ.

"ನಿಮ್ಮ ಜನ ಒಳ್ಳೆಯವರೇ," ಎಂದರು ಅಜ್ಜಿ. "ಆದ್ರೆ ನನಗೆ ನಿದ್ದೆ ಬೇಕು. ಬೆಳಿಗ್ಗೆ ಬಸ್ಸಿನ ತುಂಬ ಮಕ್ಕಳು ಇರ್ತಾರೆ. ಮೊನ್ನೆ ಸಿಗ್ನಲ್ ಹತ್ರ ಕಣ್ಣು ಮುಚ್ಚಿಹೋಯ್ತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ನಿಮ್ಮಲ್ಲಿ ಗಂಟೆಗೊಂದು ಸಲ ಟಾರ್ಚ್ ಬರುತ್ತೆ. ಮೇಲಿಂದ ಆ ದೀಪ. ಕಿಟಕೀಲಿ ಯಾವಾಗ್ಲೂ ಒಂದು ತಲೆ. ನೋಡ್ತಾ ಕೂತಿದ್ರೆ ಹೇಗೆ ಮಲಗೋದು?"

ಹುಡುಗಿ ನಮ್ಮ ಕಡೆ ತಿರುಗದೆ ಹೇಳಿತು, "ಬಟ್ಟೆ ಬದಲಾಯಿಸುವಾಗ ಅಜ್ಜಿ ಕಂಬಳಿ ಅಡ್ಡ ಹಿಡೀತಾರೆ."

ನನ್ನ ಮುಖ ಬಿಸಿಯಾಯಿತು. ಇಷ್ಟು ದಿನ ನಾವು ಅವರ ಪಕ್ಕದಲ್ಲಿ ಇದ್ದೇವೆಂದು ನಂಬಿಕೊಂಡಿದ್ದೆವು. ಅವರ ಪಾಲಿಗೆ ನಾವು ಜೈಲಿನ ಕಾವಲಿನವರಾಗಿದ್ದೆವು. ಉಳಿದ ಕಾರುಗಳು ಯಾಕೆ ಹೋದವೆಂದು ಆಗ ಹೊಳೆಯಿತು. ದೇವರಿಗಾಗಿ ಎಚ್ಚರವಿದ್ದು ಅಭ್ಯಾಸವಾದವರು ಮಾತ್ರ ಮಾಡಬಹುದಾದ ತಪ್ಪು ಅದು. ದೇವರಿಗೆ ನಿದ್ದೆ ಬೇಕಾಗಿಲ್ಲ, ಬಸ್ ಓಡಿಸುವವರಿಗೆ ಬೇಕು.

ಪಾದ್ರಿಯಮ್ಮ ಬಿಳಿ ಕಾಲರು ಹಾಕಿಕೊಂಡೇ ಆ ಕಸದ ಡಬ್ಬಿಯ ಪಕ್ಕದ ಕಲ್ಲಿನ ಮೇಲೆ ಕೂತರು.

"ನಾನಿರೋ ಮನೇಲಿ ಎರಡು ಕೋಣೆ ಖಾಲಿ ಬಿದ್ದಿವೆ. ಬಾಗಿಲಿಗೆ ಒಳಗಿಂದ ಚಿಲಕ ಇದೆ. ಇಡೀ ಸಭೆಯ ನಿದ್ದೆ ಕೆಡಿಸಿದೆ, ಆ ಕೋಣೆಗಳು ಮಾತ್ರ ನನ್ನ ತಲೆಗೆ ಬರಲಿಲ್ಲ ನೋಡಿ."

ಈಸ್ಟರ್ ಬೆಳಿಗ್ಗೆ ಲಿಲ್ಲಿಗಳ ನಡುವೆ ನಿಂತು ಅದನ್ನೇ ಸಭೆಗೂ ಹೇಳಿದರು. ನಾನು ಕೇಳಿದ್ದನ್ನು ನೀವು ಚೆನ್ನಾಗಿಯೇ ಮಾಡಿದಿರಿ, ನಾನು ಕೇಳಿದ್ದೇ ತಪ್ಪಾಗಿತ್ತು. ಆ ಇಬ್ಬರು ಈಗ ನಮ್ಮ ಮನೆಯಲ್ಲಿ ಮಲಗಿದ್ದಾರೆ, ದಯವಿಟ್ಟು ಯಾರೂ ನೋಡಲು ಬರಬೇಡಿ ಎಂದರು. ಕೆಲವರು ಅತ್ತರು. ಕೆಲವರ ಮುಖ ಗಂಟಿಕ್ಕಿತು. ಅಷ್ಟು ದಿನ ನಿದ್ದೆಗೆಟ್ಟವರಿಗೆ ಅದು ತಪ್ಪು ಎನ್ನಿಸಿಕೊಳ್ಳುವುದು ಕಹಿಯೇ. ಕಾಫಿಯ ಹೊತ್ತಿಗೆ ವಾರ್ಡನ್ ಬಂದರು. ಪಾದ್ರಿಯಮ್ಮ ಇದ್ದ ಮನೆ ಚರ್ಚಿನ ಆಸ್ತಿ. ಸಮಿತಿಯ ಒಪ್ಪಿಗೆ ಇಲ್ಲದೆ ಅಲ್ಲಿ ಬೇರೆಯವರನ್ನು ಇಟ್ಟುಕೊಳ್ಳುವ ಹಾಗಿಲ್ಲ.

"ನೀವು ನಮ್ಮನ್ನ ಕೇಳಬಹುದಿತ್ತು."

"ಕೇಳಿದ್ರೆ ಏನು ಹೇಳ್ತಿದ್ರಿ?"

"ಆಲೋಚನೆ ಮಾಡ್ತಿದ್ವಿ."

"ಸ್ಕೂಲು ಮುಗಿಯೋದ್ರೊಳಗೆ ಮುಗೀತಿತ್ತಾ, ಆಲೋಚನೆ?"

ಕೆಟ್ಟ ಮನುಷ್ಯ ಅಲ್ಲ ವಾರ್ಡನ್. ಆ ಸಂಜೆಯೇ ಆ ಮನೆಯ ಮೆಟ್ಟಿಲ ಮೇಲೆ ಒಂದು ಚೀಲ ಕಿತ್ತಳೆ ಇಟ್ಟು, ಬೆಲ್ ಒತ್ತದೆ ವಾಪಸಾದರೆಂದು ಆಮೇಲೆ ತಿಳಿಯಿತು. ಆದರೆ ನಿಯಮ ನಿಯಮವೇ. ಸಮಿತಿ ಮತ್ತೆ ಸೇರಿತು. ಆ ಇಬ್ಬರು ತಿಂಗಳೊಳಗೆ ಮನೆ ಬಿಡಬೇಕು, ಇಲ್ಲವೇ ಪಾದ್ರಿಯಮ್ಮನ ವಿಷಯ ಬಿಷಪರ ತನಕ ಹೋಗುತ್ತದೆ ಎಂದಿತು. ಪಾದ್ರಿಯಮ್ಮ ಜಗಳ ಆಡಲಿಲ್ಲ. ಜೂನಿನ ಕೊನೆಗೆ ತಾವೇ ಕೆಲಸ ಬಿಡುವುದಾಗಿಯೂ ಅಲ್ಲಿಯವರೆಗೆ ಆ ಮನೆಯ ವಿಷಯ ಯಾರೂ ಎತ್ತಬಾರದೆಂದೂ ಹೇಳಿದರು. ಸಮಿತಿ ಒಪ್ಪಿತು. ಎಷ್ಟು ಬೇಗ ಒಪ್ಪಿತೆಂದರೆ ನನಗೆ ಅಳು ಬಂತು.

ಆ ಎರಡು ತಿಂಗಳು ಇಸ್ತ್ರಿ ಮಾಡಿದ ಬಟ್ಟೆ ಕೊಡಲು ನಾನು ಆ ಮನೆಗೆ ಹೋಗುತ್ತಿದ್ದೆ. ಪಾದ್ರಿಯಮ್ಮ ತಮ್ಮ ಮನೆಗೆ ತಾವೇ ಬರುವಾಗ ಗೇಟಿನಿಂದಲೇ ಆ ಅಪಶ್ರುತಿಯಲ್ಲಿ ಹಾಡುತ್ತ ಬರುತ್ತಿದ್ದರು, ಒಳಗಿದ್ದವರಿಗೆ ತಿಳಿಯಲಿ ಎಂದು. ಅಜ್ಜಿ ಅಡುಗೆಮನೆಯಲ್ಲಿದ್ದರೆ ತಾವು ಅತ್ತ ಸುಳಿಯುತ್ತಿರಲಿಲ್ಲ. ಹುಡುಗಿಗೆ ಹೋಂವರ್ಕ್ ಹೇಳಿಕೊಡಲು ಒಂದು ದಿನವೂ ಹೋಗಲಿಲ್ಲ, ಅದು ತಾನಾಗಿಯೇ ಪುಸ್ತಕ ಹಿಡಿದು ಬರುವ ತನಕ. ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆ ದಾಟಿತ್ತು. ಪಾದ್ರಿಯಮ್ಮ ಬಾಗಿಲಲ್ಲೇ ನನ್ನನ್ನು ತಡೆದು ತುಟಿಯ ಮೇಲೆ ಬೆರಳಿಟ್ಟರು.

"ಗೊರಕೆ ಕೇಳಿಸ್ತಾ?"

ಕೇಳಿಸುತ್ತಿತ್ತು, ಒಳಗಿನ ಕೋಣೆಯಿಂದ, ಗಟ್ಟಿಯಾಗಿ. ಆ ಸಿಡುಕಿನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಯಾವ ಹಬ್ಬದಲ್ಲೂ ಕಂಡಿರಲಿಲ್ಲ. ನಾವಿಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತು ಸದ್ದಿಲ್ಲದೆ ಬಟ್ಟೆ ಮಡಚಿದೆವು.

ಹುಡುಗಿ ಅದೇ ಸ್ಕೂಲಿನಲ್ಲಿ ವರ್ಷ ಮುಗಿಸಿದಳು. ಫ್ರೀವೇ ಹಿಡಿದು ಪೂರ್ವಕ್ಕೆ ಹೋದರೆ ಸಿಗುವ, ಬಾಡಿಗೆ ಕಡಿಮೆಯಿದ್ದ ಒಂದು ಊರಿನಲ್ಲಿ ಅಜ್ಜಿಗೆ ಬಸ್ಸಿನ ಕೆಲಸ ಸಿಕ್ಕಿತು. ಅವರು ಹೊರಟ ವಾರವೇ ಪಾದ್ರಿಯಮ್ಮನೂ ಹೊರಟರು, ಬರ್ಕ್ಲಿಯ ಒಂದು ಸಣ್ಣ ಅಪಾರ್ಟ್‌ಮೆಂಟಿಗೆ. ಆಮೇಲೆ ಅವರಿಗೆ ಸ್ವಂತದ್ದೊಂದು ಸಭೆ ಸಿಗಲೇ ಇಲ್ಲ. ಯಾರಾದರೂ ರಜೆಯಲ್ಲಿದ್ದಾಗ ಆ ಚರ್ಚು ಈ ಚರ್ಚಿಗೆ ಹೋಗಿ ಆರಾಧನೆ ನಡೆಸಿಕೊಡುತ್ತಿದ್ದರು. ಮರುವರ್ಷ ಡಾಟ್‌ಕಾಮ್ ಗುಳ್ಳೆ ಒಡೆದು ನನ್ನ ಗಂಡನ ಕಂಪನಿಗೆ ಬೀಗ ಬಿದ್ದಾಗ ಮೊದಲು ಫೋನ್ ಮಾಡಿದವರು ಅವರೇ. ಸಮಾಧಾನದ ಮಾತೇನೂ ಆಡಲಿಲ್ಲ. ಊಟಕ್ಕೆ ಬನ್ನಿ ಎಂದರು, ಅಷ್ಟೇ. ಹೋಗಿ ಉಂಡು ಬಂದೆವು.

ಒಮ್ಮೆ ಕೇಳಿದ್ದೆ, ಕೆಲಸ ಬಿಟ್ಟದ್ದಕ್ಕೆ ಬೇಸರ ಇಲ್ಲವೇ ಎಂದು.

"ಇಲ್ದೆ ಏನು? ಪ್ರತಿ ಭಾನುವಾರ ಬೆಳಿಗ್ಗೆ ಇದೆ," ಎಂದರು. ನಾನು ತ್ಯಾಗ ಗೀಗ ಎಂದು ಏನೋ ಹೇಳಲು ಹೊರಟಿದ್ದೆ. ಬಾಯಿ ಮುಚ್ಚಿಕೊಂಡೆ.

ಈಗ ನನಗೂ ಅವರ ಆಗಿನ ವಯಸ್ಸಾಗುತ್ತ ಬಂದಿದೆ. ಮಗಳು ಕೆಲಸ ಹಿಡಿದು ಬೇರೆ ಊರು ಸೇರಿ ಅವಳ ಕೋಣೆ ಖಾಲಿಯಿದೆ. ಅಕ್ಟೋಬರಿನಲ್ಲಿ ಪಾದ್ರಿಯಮ್ಮ ಹೋದ ಸುದ್ದಿ ಬಂದಾಗ ಬರ್ಕ್ಲಿಗೆ ಹೋಗಿ ಮಣ್ಣು ಹಾಕಿ ಬಂದೆವು. ಅವರಿಗೆ ವಯಸ್ಸಾಗಿತ್ತು, ನೋವಿತ್ತು, ಹೋದದ್ದು ಒಳ್ಳೆಯದೇ ಎಂದು ಎಲ್ಲರೂ ಹೇಳಿದರು. ನಾನೂ ಹೌದೆಂದೆ. ಅತ್ತದ್ದು ಮನೆಗೆ ಬಂದ ಮೇಲೆ.

ಇವತ್ತು ಗರಿ ಸುಟ್ಟು ಕೈ ತೊಳೆಯುತ್ತಿದ್ದಾಗ ಈಗಿನ ಪಾದ್ರಿ ಹತ್ತಿರ ಬಂದು, ಸ್ವಲ್ಪ ಹಿಂಜರಿಯುತ್ತಲೇ ಕೇಳಿದರು. ಒಬ್ಬ ತಾಯಿ, ಅವಳ ಮಗ; ಮೂರು ವಾರದಿಂದ ಕಾರಿನಲ್ಲಿ ಇದ್ದಾರಂತೆ, ಮಗಳ ಕೋಣೆಯಲ್ಲಿ ಅವರನ್ನು ಇಟ್ಟುಕೊಳ್ಳಬಹುದೇ ಎಂದು. ನನ್ನ ಗಂಡನಿಗೆ ಫೋನ್ ಮಾಡಿದೆ. ಅವನು ಎಷ್ಟು ದಿನಕ್ಕೆ ಎಂದು ಕೇಳಲಿಲ್ಲ.

"ಹಾಸಿಗೆ ಬಟ್ಟೆ ಯಾವ ಬೀರುವಲ್ಲಿದೆ ಹೇಳು," ಎಂದ.

ನಾಳೆ ಸಂಜೆ ಅವರು ಬರುತ್ತಾರೆ. ಬಂದವರನ್ನು ಎಷ್ಟು ಮಾತಾಡಿಸಬೇಕು, ಯಾವಾಗ ಸುಮ್ಮನಿರಬೇಕು, ಊಟಕ್ಕೆ ಕರೆಯಬೇಕೋ ಮುಚ್ಚಿಟ್ಟು ಬರಬೇಕೋ, ಆ ಹುಡುಗ ಅತ್ತರೆ ಕೇಳಿಸಿಕೊಳ್ಳಬೇಕೋ ಬಾರದೋ... ನನಗೇನೂ ಗೊತ್ತಿಲ್ಲ. ಎಂದಾದರೂ ಕೇಳಿಕೊಂಡರಾಯಿತು ಎಂದು ಇಷ್ಟು ವರ್ಷ ಅವರನ್ನು ಕೇಳಲೇ ಇಲ್ಲ. ನನಗೆ ಹೆದರಿಕೆಯಾಗುತ್ತಿದೆ ಪಾದ್ರಿಯಮ್ಮ, ನೀವು ಇರಬೇಕಿತ್ತು.